ಮಿರ್ಚಿ, ಒಗ್ಗರಣೆ, ಖಾನಾವಳಿ ಊಟ: ಹೊರಗೆ ತಿನ್ನುವವರು ತಿಳಿದಿರಬೇಕಾದದ್ದು

ಸಂಜೆ ಐದು ಗಂಟೆಯಾದರೆ ಸಾಕು, ಹಗರಿಬೊಮ್ಮನಹಳ್ಳಿಯಲ್ಲಿ ಬಾಣಲೆಗಳು ಒಲೆ ಏರುತ್ತವೆ. ಸಂತೆಗೆ ಬಂದವರು, ಕೋರ್ಟು-ಕಚೇರಿಯ ಕೆಲಸಕ್ಕೆ ಬಂದವರು, ಬಸ್ಸಿಗಾಗಿ ಕಾಯುವವರು, ಕಾಲೇಜಿನ ಹುಡುಗರು ಎಲ್ಲರೂ ಬಯಸುವುದು ಒಂದನ್ನೇ: ಒಂದು ಪ್ಲೇಟು ಒಗ್ಗರಣೆ ಮಂಡಕ್ಕಿ, ಜೊತೆಗೆ ಎರಡು ಬಿಸಿ ಮಿರ್ಚಿ. ಕೊಟ್ಟೂರು, ಕೂಡ್ಲಿಗಿ, ಹಡಗಲಿ, ಹರಪನಹಳ್ಳಿಗಳಲ್ಲೂ ಇದೇ ದೃಶ್ಯ. ಹೊತ್ತಿನ ಊಟ ಬೇಕಾದವರಿಗೆ ಜೋಳದ ರೊಟ್ಟಿಯ ಖಾನಾವಳಿಗಳಿವೆ.

ಹೊರಗಿನ ತಿಂಡಿ ಎಂದರೆ ವಿಷ ಎಂದು ಹೆದರಿಸುವುದು ಈ ಲೇಖನದ ಉದ್ದೇಶವಲ್ಲ. ದಿನವಿಡೀ ಊರೂರು ತಿರುಗುವವರು ಹೊರಗೆ ತಿನ್ನದೆ ಇರಲಾಗದು. ಆದರೆ ಅದೇ ಅಂಗಡಿಯಲ್ಲಿ, ಅದೇ ಹಣಕ್ಕೆ, ದೇಹಕ್ಕೆ ಒಗ್ಗುವಂತೆ ತಿನ್ನುವ ದಾರಿಗಳಿವೆ. ಮಿರ್ಚಿ ತಿಂದ ಮೇಲೆ ಎದೆ ಉರಿದಾಗ ಏನು ಮಾಡಬೇಕು ಎಂಬುದನ್ನಂತೂ ಪ್ರತಿ ಮನೆಯವರೂ ತಿಳಿದಿರಬೇಕು.

ಮೆಕ್ಸಿಕೊದಿಂದ ಬಂದ ಖಾರ

ಈಗ ದೊಡ್ಡ ಊರುಗಳಲ್ಲಿ ಮೆಕ್ಸಿಕನ್ ಹೋಟೆಲುಗಳ ಸುದ್ದಿ. ಟ್ಯಾಕೊ ಬೆಲ್ ಎಂಬ ಅಮೆರಿಕದ ಕಂಪನಿ ಭಾರತದ ತನ್ನ ಮೊದಲ ಮಳಿಗೆಯನ್ನು 2010ರಲ್ಲಿ ಬೆಂಗಳೂರಿನಲ್ಲಿ ತೆರೆಯಿತು. ಬೆಂಗಳೂರಿನಲ್ಲಿ ಓದುವ ಮಕ್ಕಳು ರಜೆಗೆ ಬಂದಾಗ ಟ್ಯಾಕೊ, ಬರಿಟೊ ಎಂದು ಹೇಳುವುದನ್ನು ನೀವೂ ಕೇಳಿರಬಹುದು. ಹೆಸರು ಹೊಸದು, ಆದರೆ ತಟ್ಟೆ ಅಷ್ಟೇನೂ ಹೊಸದಲ್ಲ. ಮೆಕ್ಸಿಕೊದವರ ಊಟವೆಂದರೆ ಮೆಕ್ಕೆಜೋಳದ ತೆಳು ರೊಟ್ಟಿ, ಬೇಯಿಸಿದ ಕಾಳು, ಟೊಮೆಟೊ-ಮೆಣಸಿನಕಾಯಿ ಚಟ್ನಿ. ನಮ್ಮ ಖಾನಾವಳಿಯ ಊಟ ಇದಕ್ಕಿಂತ ಬಹಳ ಬೇರೆಯೇ?

ಮೆಣಸಿನಕಾಯಿ ನಮ್ಮ ಮೂಲದ ಬೆಳೆಯಲ್ಲ. ಅದನ್ನು ಮೊದಲು ಬೆಳೆಸಿ ಪಳಗಿಸಿದವರು ಮೆಕ್ಸಿಕೊ ನಾಡಿನ ಜನ. 16ನೆಯ ಶತಮಾನದಲ್ಲಿ ಪೋರ್ಚುಗೀಸರ ಮೂಲಕ ಅದು ಭಾರತಕ್ಕೆ ಬಂತು. ಅದಕ್ಕೆ ಮುಂಚೆ ನಮ್ಮ ಅಡುಗೆಯಲ್ಲಿ ಖಾರಕ್ಕೆ ಇದ್ದದ್ದು ಕರಿಮೆಣಸು. ಆ ಮೆಣಸಿನ ಹೆಸರನ್ನೇ ಹೊಸ ಕಾಯಿಗೂ ಕೊಟ್ಟು 'ಮೆಣಸಿನಕಾಯಿ' ಎಂದೆವು. ಇಂದು ವಿಜಯನಗರ ಜಿಲ್ಲೆಯ ಹೊಲಗಳಲ್ಲಿ ಕಾಣುವ ಮೆಕ್ಕೆಜೋಳವೂ ಮೆಕ್ಸಿಕೊ ಮೂಲದ್ದೇ.

ಮಿರ್ಚಿಯಲ್ಲಿ ತಪ್ಪು ಯಾರದು?

ಮಿರ್ಚಿ ತಿಂದು ಹೊಟ್ಟೆ ಕೆಟ್ಟರೆ ಎಲ್ಲರೂ ಬಯ್ಯುವುದು ಮೆಣಸಿನಕಾಯಿಯನ್ನು. ನಿಜವಾಗಿ ನೋಡಿದರೆ ಹಸಿಮೆಣಸಿನಕಾಯಿಯಲ್ಲಿ 'ಸಿ' ಜೀವಸತ್ವ ಸಮೃದ್ಧವಾಗಿದೆ. ಕಡಲೆಹಿಟ್ಟಿನಲ್ಲಿ ಒಳ್ಳೆಯ ಸಸಾರಜನಕವಿದೆ. ತೊಂದರೆ ಇರುವುದು ಎಣ್ಣೆಯಲ್ಲಿ ಮತ್ತು ಉಪ್ಪಿನಲ್ಲಿ.

ಒಂದು ಗ್ರಾಂ ಎಣ್ಣೆ 9 ಕ್ಯಾಲೊರಿ ಶಕ್ತಿ ಕೊಡುತ್ತದೆ. ಒಂದು ಚಿಕ್ಕ ಚಮಚ ಎಣ್ಣೆ ಎಂದರೆ ಸುಮಾರು 45 ಕ್ಯಾಲೊರಿ. ಹೆಚ್ಚು ಶ್ರಮದ ಕೆಲಸ ಮಾಡದ ವಯಸ್ಕರಿಗೆ ದಿನಕ್ಕೆ 20ರಿಂದ 30 ಗ್ರಾಂ ಅಡುಗೆ ಎಣ್ಣೆ ಸಾಕು. ನಾಲ್ಕಾರು ಮಿರ್ಚಿ ತಿಂದವರು ಇದರ ದೊಡ್ಡ ಪಾಲನ್ನು ಸಂಜೆಯೇ ಮುಗಿಸಿರುತ್ತಾರೆ. ರಾತ್ರಿ ಮನೆಯಲ್ಲಿ ಮತ್ತೆ ಎಣ್ಣೆಗಾಯಿ ಪಲ್ಯ ಕಾದಿರುತ್ತದೆ.

ಇನ್ನೊಂದು ಸಂಗತಿ ಕರಿದ ಎಣ್ಣೆಯನ್ನೇ ಮತ್ತೆ ಮತ್ತೆ ಕಾಯಿಸುವುದು. ಹೀಗೆ ಕಾಯಿಸಿದಾಗ ಎಣ್ಣೆ ಒಡೆದು ಹಾನಿಕರ ವಸ್ತುಗಳು ಹೆಚ್ಚುತ್ತವೆ. ಇವುಗಳ ಪ್ರಮಾಣ ಶೇ 25ನ್ನು ಮೀರಿದ ಎಣ್ಣೆಯನ್ನು ಬಳಸಬಾರದೆಂದು ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ ನಿಯಮವಿದೆ. ಅದು 2018ರ ಜುಲೈನಿಂದ ಜಾರಿಯಲ್ಲಿದೆ. ಬಾಣಲೆಯ ಮುಂದೆ ನಿಂತು ಅಳೆಯಲು ನಮ್ಮಲ್ಲಿ ಉಪಕರಣವಿರುವುದಿಲ್ಲ, ಕಣ್ಣು-ಮೂಗು ಇವೆ. ಎಣ್ಣೆ ಕಪ್ಪಾಗಿದ್ದರೆ, ಜಿಗುಟಾಗಿದ್ದರೆ, ನೊರೆ ನಿಂತೇ ಇದ್ದರೆ, ಬೇಗ ಹೊಗೆಯಾಡಿ ಘಾಟು ಬರುತ್ತಿದ್ದರೆ ಮುಂದಿನ ಅಂಗಡಿಗೆ ನಡೆಯಿರಿ.

ಉಪ್ಪಿನ ಲೆಕ್ಕವೂ ಹಾಗೆಯೇ. ದಿನಕ್ಕೆ 5 ಗ್ರಾಂ, ಅಂದರೆ ಒಂದು ಚಿಕ್ಕ ಚಮಚ ಉಪ್ಪನ್ನು ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮಿರ್ಚಿಯ ಹಿಟ್ಟಿನಲ್ಲಿ ಉಪ್ಪಿದೆ, ಉಬ್ಬಲೆಂದು ಹಾಕುವ ಅಡುಗೆ ಸೋಡಾದಲ್ಲೂ ಸೋಡಿಯಂ ಇದೆ, ನಾಲಿಗೆಗೆ ಗೊತ್ತಾಗುವುದಿಲ್ಲ ಅಷ್ಟೇ. ರಕ್ತದೊತ್ತಡದ ಮಾತ್ರೆ ನುಂಗುವವರು ಇದನ್ನು ಮರೆಯಬಾರದು.

ಮಂಡಕ್ಕಿ ಹಗುರವೇ?

"ಅನ್ನ ಬಿಟ್ಟಿದ್ದೇನೆ ಡಾಕ್ಟರೇ, ಸಂಜೆ ಬರೀ ಮಂಡಕ್ಕಿ" ಎನ್ನುವ ಸಕ್ಕರೆ ಕಾಯಿಲೆಯವರು ನಮ್ಮಲ್ಲಿ ಬಹಳ. ಮಂಡಕ್ಕಿ ತೂಕದಲ್ಲಿ ಹಗುರ, ನಿಜ. ಆದರೆ ಅದು ಅಕ್ಕಿಯೇ. ಅಕ್ಕಿಗೆ ಉಪ್ಪುನೀರು ಹಿಡಿಸಿ, ಕಾದ ಮರಳಿನಲ್ಲಿ ಹುರಿದಾಗ ಅರಳಿ ಮಂಡಕ್ಕಿಯಾಗುತ್ತದೆ. ನೂರು ಗ್ರಾಂ ಮಂಡಕ್ಕಿಯಲ್ಲಿ ಮುನ್ನೂರಕ್ಕೂ ಹೆಚ್ಚು ಕ್ಯಾಲೊರಿ ಇದೆ. ಅರಳಿದ ಪಿಷ್ಟ ಬೇಗ ಜೀರ್ಣವಾಗುವುದರಿಂದ ರಕ್ತದಲ್ಲಿ ಸಕ್ಕರೆ ವೇಗವಾಗಿ ಏರುತ್ತದೆ. ನೀರಿನಲ್ಲಿ ನೆನೆಸಿ ಹಿಂಡಿ ಮಾಡಿದ ಒಗ್ಗರಣೆ ಅಥವಾ ಸೂಸಲ ಕುಗ್ಗಿರುತ್ತದೆ. ಒಂದು ಪ್ಲೇಟಿನಲ್ಲಿ ಎಷ್ಟು ಮಂಡಕ್ಕಿ ಹೋಯಿತೆಂದು ತಿನ್ನುವವರಿಗೆ ತಿಳಿಯದು.

ಹಾಗೆಂದು ಬಿಡಬೇಕಿಲ್ಲ. ಅರ್ಧ ಪ್ಲೇಟು ಹೇಳಿ. ಪುಟಾಣಿ ಹಿಟ್ಟು, ಶೇಂಗಾ, ಈರುಳ್ಳಿ, ಟೊಮೆಟೊ, ಕೊತ್ತಂಬರಿ ಹೆಚ್ಚು ಹಾಕಿಸಿಕೊಳ್ಳಿ. ಸಸಾರಜನಕ ಮತ್ತು ನಾರು ಜೊತೆಯಾದಾಗ ಸಕ್ಕರೆ ಏರುವ ವೇಗ ತಗ್ಗುತ್ತದೆ. ಮೇಲೆ ಸಕ್ಕರೆ ಹಾಕಿದ ಚಹಾ ಬೇಡ. ಮಂಡಕ್ಕಿ ತಿಂದ ದಿನ ರಾತ್ರಿಯ ರೊಟ್ಟಿಯೋ ಅನ್ನವೋ ಅಷ್ಟು ಕಡಿಮೆಯಾಗಬೇಕು.

ಖಾನಾವಳಿಯ ತಟ್ಟೆ

ಹೊರಗಿನ ಊಟದಲ್ಲಿ ನಮ್ಮ ಭಾಗದವರಿಗೆ ಸಿಗುವ ಒಳ್ಳೆಯ ಆಯ್ಕೆ ಖಾನಾವಳಿಯೇ. ಜೋಳದಲ್ಲಿ ಪಾಲಿಶ್ ಮಾಡಿದ ಅಕ್ಕಿಗಿಂತ ನಾರು ಬಹಳ ಹೆಚ್ಚು. ಎರಡು ರೊಟ್ಟಿಗೆ ಹೊಟ್ಟೆ ತುಂಬಿದ ತೃಪ್ತಿ ಸಿಗುತ್ತದೆ. ಜೊತೆಗೆ ಹೆಸರುಕಾಳು ಅಥವಾ ಮಡಕೆಕಾಳಿನ ಪಲ್ಯ, ಪುಂಡಿಪಲ್ಲೆ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಮೊಸರು.

ಆದರೆ ಕಾಳುಪಲ್ಯವನ್ನು ಬಿಟ್ಟು ಬರೀ ರೊಟ್ಟಿ-ಖಾರ ತಿನ್ನುವುದು ತಪ್ಪು. ಇದಕ್ಕೆ ಒಂದು ಹಳೆಯ ಪಾಠವಿದೆ. 'ಪೆಲ್ಲಾಗ್ರ' ಎಂಬ ಕಾಯಿಲೆಯಲ್ಲಿ ಬಿಸಿಲು ತಾಗುವ ಕಡೆ ಚರ್ಮ ಕಪ್ಪಾಗಿ ಒಡೆಯುತ್ತದೆ, ಭೇದಿಯಾಗುತ್ತದೆ, ಮನಸ್ಸು ಮಂಕಾಗುತ್ತದೆ. ನಯಾಸಿನ್ ಎಂಬ 'ಬಿ' ಗುಂಪಿನ ಜೀವಸತ್ವದ ಕೊರತೆಯೇ ಕಾರಣ. ಒಂದು ಕಾಲಕ್ಕೆ ಇದು ಮೆಕ್ಕೆಜೋಳವನ್ನೇ ನಂಬಿದ ಯೂರೋಪ್, ಅಮೆರಿಕದ ಬಡವರನ್ನು ಕಾಡಿತು. ಮೆಕ್ಸಿಕೊದವರನ್ನು ಮಾತ್ರ ಅಷ್ಟಾಗಿ ಕಾಡಲಿಲ್ಲ. ಅವರು ಮೆಕ್ಕೆಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ನೆನೆಸಿ, ಆಮೇಲೆ ರುಬ್ಬುತ್ತಾರೆ. ಇದರಿಂದ ಕಾಳಿನಲ್ಲಿ ಬಿಗಿದುಕೊಂಡ ನಯಾಸಿನ್ ಬಿಡುಗಡೆಯಾಗಿ ದೇಹಕ್ಕೆ ದಕ್ಕುತ್ತದೆ. ಮೇಲಾಗಿ ಅವರ ತಟ್ಟೆಯಲ್ಲಿ ಕಾಳು ತಪ್ಪುತ್ತಿರಲಿಲ್ಲ.

ದಖ್ಖನ್ ಪ್ರದೇಶದ ಜೋಳ ತಿನ್ನುವ ಬಡವರಲ್ಲೂ ಈ ಕಾಯಿಲೆ ಕಂಡುಬಂದಿತ್ತು. ಹೈದರಾಬಾದಿನ ಪೋಷಣಾ ಸಂಶೋಧನಾಲಯದ ಡಾ. ಸಿ. ಗೋಪಾಲನ್ ಮತ್ತು ಡಾ. ಎಸ್.ಜಿ. ಶ್ರೀಕಂಠಯ್ಯ 1960ರಲ್ಲಿ, ಜೋಳದಲ್ಲಿ ಅಧಿಕವಾಗಿರುವ ಲ್ಯೂಸಿನ್ ಎಂಬ ಅಂಶ ಇದಕ್ಕೆ ಕಾರಣವಾಗಬಹುದೆಂದು ಮಂಡಿಸಿದರು. ಇದರರ್ಥ ಜೋಳ ಕೆಟ್ಟದ್ದೆಂದಲ್ಲ. ಜೋಳವೊಂದೇ ಸಾಲದು ಎಂದು. ರೊಟ್ಟಿಗೆ ಕಾಳು, ಸೊಪ್ಪು, ಶೇಂಗಾ, ಮೊಸರು ಜೊತೆಯಾದರೆ ಊಟ ಪೂರ್ಣವಾಗುತ್ತದೆ. ನಮ್ಮ ಹಿರಿಯರ ತಟ್ಟೆಯಲ್ಲಿ ಇವೆಲ್ಲ ಇದ್ದದ್ದು ಸುಮ್ಮನಲ್ಲ.

ಖಾನಾವಳಿಯಲ್ಲಿ ಎರಡು ಎಚ್ಚರಿಕೆ ಬೇಕು. ಎಣ್ಣೆಗಾಯಿಯ ಮೇಲೆ ತೇಲುವ ಎಣ್ಣೆಯನ್ನು ತಟ್ಟೆಯಲ್ಲೇ ಬಿಡಿ. ಇನ್ನೊಂದು, ಹಸಿಯಾಗಿ ಕೊಡುವ ಮೆಂತ್ಯ ಸೊಪ್ಪು, ಮೂಲಂಗಿ, ಸೌತೆಕಾಯಿ ಚೆನ್ನಾಗಿ ತೊಳೆದಿವೆಯೇ ನೋಡಿ. ವಿಷಮಶೀತ ಜ್ವರ, ಕಾಮಾಲೆ, ವಾಂತಿಭೇದಿ ಹರಡುವುದು ಕೊಳಕು ನೀರಿನಿಂದ. ಜಾತ್ರೆ-ರಥೋತ್ಸವದ ದಿನಗಳಲ್ಲಂತೂ ಹಸಿ ಪದಾರ್ಥ ಬಿಟ್ಟು ಬಿಸಿಬಿಸಿಯಾದದ್ದನ್ನೇ ತಿನ್ನುವುದು ಕ್ಷೇಮ. ಕುಡಿಯುವ ನೀರು ಮನೆಯಿಂದ ಒಯ್ಯಿರಿ.

ಎದೆ ಉರಿದರೆ 'ಗ್ಯಾಸ್' ಎನ್ನಬೇಡಿ

ಖಾರ ತಿಂದರೆ ಹೊಟ್ಟೆಯಲ್ಲಿ ಹುಣ್ಣಾಗುತ್ತದೆ ಎಂಬ ನಂಬಿಕೆ ಬಲವಾಗಿದೆ. ಜಠರದ ಹುಣ್ಣಿಗೆ ಮುಖ್ಯ ಕಾರಣ ಹೆಲಿಕೊಬ್ಯಾಕ್ಟರ್ ಪೈಲೊರಿ ಎಂಬ ರೋಗಾಣು ಮತ್ತು ವೈದ್ಯರನ್ನು ಕೇಳದೆ ನುಂಗುವ ನೋವಿನ ಮಾತ್ರೆಗಳು. ಈ ರೋಗಾಣುವಿನ ಪಾತ್ರವನ್ನು ತೋರಿಸಿಕೊಟ್ಟ ಆಸ್ಟ್ರೇಲಿಯದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ ಅವರಿಗೆ 2005ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಖಾರ ಹುಣ್ಣನ್ನು ಹುಟ್ಟಿಸುವುದಿಲ್ಲ. ಆದರೆ ಹುಣ್ಣು ಅಥವಾ ಆಮ್ಲದ ತೊಂದರೆ ಇದ್ದವರಲ್ಲಿ ಉರಿ ಹೆಚ್ಚಿಸಬಹುದು. ಕರಿದದ್ದನ್ನು ತಿಂದು ಕೂಡಲೇ ಮಲಗಿದರೆ ಹುಳಿನೀರು ಗಂಟಲಿಗೆ ಬರುತ್ತದೆ. ಊಟಕ್ಕೂ ನಿದ್ದೆಗೂ ನಡುವೆ ಎರಡು-ಮೂರು ಗಂಟೆ ಬಿಡಿ. ಮಲ ಡಾಂಬರಿನಂತೆ ಕಪ್ಪಾದರೆ, ರಕ್ತವಾಂತಿಯಾದರೆ, ನುಂಗಲು ಕಷ್ಟವಾದರೆ, ಕಾರಣವಿಲ್ಲದೆ ತೂಕ ಇಳಿದರೆ ತಡಮಾಡದೆ ವೈದ್ಯರನ್ನು ಕಾಣಿ.

ಈಗ ಅತಿ ಮುಖ್ಯ ಮಾತು. ಸಂಜೆ ಮಿರ್ಚಿ ತಿಂದವರಿಗೆ ರಾತ್ರಿ ಎದೆಯಲ್ಲಿ ಉರಿ, ಭಾರ ಕಾಣಿಸಿಕೊಳ್ಳುತ್ತದೆ. "ಮಿರ್ಚಿ ತಿಂದದ್ದಕ್ಕೆ ಗ್ಯಾಸ್ ಆಗೇತಿ" ಎಂದು ಸೋಡಾ ಕುಡಿಸಿ, ಓಮ ಅಗಿಸಿ, ಎದೆ ನೀವಿ ಮಲಗಿಸುತ್ತಾರೆ. ಹೃದಯಾಘಾತವೂ ಹೀಗೆಯೇ ಶುರುವಾಗಬಹುದು. ಎದೆಯ ನಡುವೆ ಹಿಂಡಿದಂತೆ ನೋವು, ಅದು ಎಡಗೈಗೆ, ಭುಜಕ್ಕೆ, ದವಡೆಗೆ ಅಥವಾ ಬೆನ್ನಿಗೆ ಹರಡುವುದು, ತಣ್ಣನೆಯ ಬೆವರು, ಉಸಿರು ಕಟ್ಟುವುದು, ವಾಕರಿಕೆ ಇವು ಲಕ್ಷಣಗಳು. ಸಕ್ಕರೆ ಕಾಯಿಲೆಯವರಲ್ಲಿ, ಹೆಂಗಸರಲ್ಲಿ, ವಯಸ್ಸಾದವರಲ್ಲಿ ನೋವು ಇಲ್ಲದೆ ಬರೀ ಸುಸ್ತು, ಬೆವರು, ಹೊಟ್ಟೆಯ ಮೇಲ್ಭಾಗದ ಸಂಕಟವಷ್ಟೇ ಇರಬಹುದು.

ಇದು ಗ್ಯಾಸೋ ಹೃದಯವೋ ಎಂದು ಮನೆಯಲ್ಲಿ ಕೂತು ತೀರ್ಮಾನಿಸಲು ಯಾರಿಗೂ ಸಾಧ್ಯವಿಲ್ಲ. ಅದಕ್ಕೆ ಇಸಿಜಿ ಬೇಕು. ಬೆಳಗಾಗಲಿ ಎಂದು ಕಾಯದೆ 108ಕ್ಕೆ ಕರೆ ಮಾಡಿ. ರೋಗಿಯನ್ನು ನಡೆಸಬೇಡಿ, ಬೈಕ್ ಓಡಿಸಲು ಬಿಡಬೇಡಿ. ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಚುಚ್ಚುಮದ್ದು ಮೊದಲ ಗಂಟೆಗಳಲ್ಲಿ ಕೊಟ್ಟರೆ ಹೆಚ್ಚು ಫಲ. ರಾಜ್ಯ ಸರ್ಕಾರ 2023ರಲ್ಲಿ ಆರಂಭಿಸಿದ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯ ಉದ್ದೇಶ ಇದೇ: ತಾಲ್ಲೂಕು ಮಟ್ಟದಲ್ಲೇ ಇಸಿಜಿ ತೆಗೆದು, ತಜ್ಞರ ಸಲಹೆ ಪಡೆದು, ಈ ಚುಚ್ಚುಮದ್ದು ಕೊಡುವುದು. ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಈ ಸೌಲಭ್ಯವಿದೆಯೇ ಎಂದು ಆರೋಗ್ಯವಾಗಿರುವಾಗಲೇ ಕೇಳಿ ತಿಳಿದಿರಿ. ಗ್ಯಾಸ್ ಎಂದೇ ತಿಳಿದುಬಂದರೆ ನಷ್ಟವೇನಿಲ್ಲ, ನಗುತ್ತಾ ಮನೆಗೆ ಬರಬಹುದು.

ಬಣ್ಣ, ಕಾಗದ, ತಂಪು ಪಾನೀಯ

ಗೋಬಿ ಮಂಚೂರಿ ಕೆಂಪಗಿದ್ದಷ್ಟೂ ರುಚಿ ಎಂದು ಮಕ್ಕಳು ತಿಳಿದಿದ್ದಾರೆ. ಮಂಚೂರಿ ಮತ್ತು ಬಾಂಬೆ ಮಿಠಾಯಿಗೆ ಕೃತಕ ಬಣ್ಣ ಹಾಕುವುದನ್ನು ಕರ್ನಾಟಕ ಸರ್ಕಾರ 2024ರ ಮಾರ್ಚ್‌ನಲ್ಲಿ ನಿಷೇಧಿಸಿದೆ. ಬಣ್ಣವಿಲ್ಲದ್ದನ್ನೇ ಕೇಳಿ ಕೊಳ್ಳಿ.

ಬಿಸಿ ಮಿರ್ಚಿಯನ್ನು ಪತ್ರಿಕೆಯಲ್ಲಿ ಸುತ್ತಿ ಕೊಡುವುದು ಹಳೆಯ ರೂಢಿ. ಅಚ್ಚಿನ ಮಸಿಯಲ್ಲಿರುವ ಹಾನಿಕರ ವಸ್ತುಗಳು ಎಣ್ಣೆಯ ಜೊತೆ ತಿಂಡಿಗೆ ಇಳಿಯುತ್ತವೆ. ಹೀಗೆ ಮಾಡಬಾರದೆಂದು ಆಹಾರ ಸುರಕ್ಷತಾ ಪ್ರಾಧಿಕಾರ 2016ರಲ್ಲೇ ಎಚ್ಚರಿಸಿದೆ. ಈ ಪತ್ರಿಕೆಯನ್ನು ಓದಲು ಇಟ್ಟುಕೊಳ್ಳಿ. ಮಿರ್ಚಿಗೆ ಮುತ್ತುಗದ ಎಲೆಯೋ ಮನೆಯಿಂದ ಒಯ್ದ ಸ್ಟೀಲ್ ಡಬ್ಬಿಯೋ ಇರಲಿ.

ಖಾರ ಹತ್ತಿದಾಗ ನೀರು ಕುಡಿದರೆ ಉರಿ ತಣಿಯುವುದಿಲ್ಲ. ಮೆಣಸಿನಕಾಯಿಯ ಖಾರಕ್ಕೆ ಕಾರಣವಾದ ಕ್ಯಾಪ್ಸೈಸಿನ್ ನೀರಿನಲ್ಲಿ ಹೆಚ್ಚು ಕರಗದು. ಹಾಲು, ಮೊಸರು, ಮಜ್ಜಿಗೆಯಲ್ಲಿರುವ ಕೇಸಿನ್ ಅದನ್ನು ನಾಲಿಗೆಯಿಂದ ಬಿಡಿಸುತ್ತದೆ. ಬಾಟಲಿಯ ತಂಪು ಪಾನೀಯದಿಂದ ಸಿಗುವುದು ಸಕ್ಕರೆ ಮಾತ್ರ. ಸಿಹಿ ಪಾನೀಯ ಕುಡಿದು ಬೊಜ್ಜು, ಸಕ್ಕರೆ ಕಾಯಿಲೆಯಿಂದ ಬಳಲಿದ ಮೆಕ್ಸಿಕೊ 2014ರಿಂದ ಅವುಗಳ ಮೇಲೆ ವಿಶೇಷ ತೆರಿಗೆ ಹಾಕಬೇಕಾಯಿತು. ಆ ನಾಡಿನಿಂದ ಮೆಣಸಿನಕಾಯಿ ಪಡೆದ ನಾವು ಈ ಪಾಠವನ್ನೂ ಪಡೆಯಬಹುದು.

ನೆನಪಿಡಿ

* ಮಿರ್ಚಿ ವಾರಕ್ಕೊಮ್ಮೆ, ಎರಡು ಮಾತ್ರ. ಮಕ್ಕಳಿಗೆ ಒಂದು ಸಾಕು.
* ಎಣ್ಣೆಯ ಬಣ್ಣ ನೋಡಿ ಅಂಗಡಿ ಆರಿಸಿ.
* ಒಗ್ಗರಣೆ ಅರ್ಧ ಪ್ಲೇಟು. ಪುಟಾಣಿ ಹಿಟ್ಟು, ಈರುಳ್ಳಿ ಹೆಚ್ಚು.
* ರೊಟ್ಟಿಯ ಜೊತೆ ಕಾಳು ಮತ್ತು ಸೊಪ್ಪು ತಪ್ಪಬಾರದು.
* ಕುಡಿಯಲು ಮಜ್ಜಿಗೆ, ಅದೂ ಶುದ್ಧ ನೀರಿನದು.
* ಸಕ್ಕರೆ, ರಕ್ತದೊತ್ತಡದ ಮಾತ್ರೆಗಳನ್ನು ಹೊರಗೆ ತಿಂದ ದಿನವೂ ಬಿಡಬೇಡಿ, ನೀವಾಗಿಯೇ ಹೆಚ್ಚಿಸಲೂಬೇಡಿ.
* ಎದೆ ಭಾರವಾಗಿ ಬೆವರು ಬಂದರೆ ಸೋಡಾ ಅಲ್ಲ, ಇಸಿಜಿ.