ಬೇಸಿಗೆಗೆ ಒಗ್ಗುವ ತೊಗರಿ: ಪಟನ್‌ಚೆರುವಿನ ಸಂಶೋಧನೆ ಮತ್ತು ನಮ್ಮ ದಾಲ್‌ಮಿಲ್‌ಗಳು

ಕಲಬುರಗಿಯ ದಾಲ್‌ಮಿಲ್ ಮಾಲೀಕರಿಗೆ ವರ್ಷ ಆರಂಭವಾಗುವುದು ಏಪ್ರಿಲ್‌ನಲ್ಲಲ್ಲ, ಡಿಸೆಂಬರ್‌ನಲ್ಲಿ. ಹೊಸ ತೊಗರಿಯ ಆವಕ ಆಗ ಮೊದಲುಗೊಂಡು ಮಾರ್ಚ್‌ವರೆಗೆ ನಡೆಯುತ್ತದೆ. ಆ ನಾಲ್ಕು ತಿಂಗಳಲ್ಲಿ ಖರೀದಿಸಿದ ಮಾಲನ್ನೇ ನೆಚ್ಚಿಕೊಂಡು ಉಳಿದ ಎಂಟು ತಿಂಗಳು ಯಂತ್ರಗಳನ್ನು ತಿರುಗಿಸಬೇಕು. ದಾಸ್ತಾನು ಮುಗಿದರೆ ಮ್ಯಾನ್ಮಾರ್‌ನ ಮಾಲಿಗೋ, ಆಗಸ್ಟ್ ನಂತರ ಹಡಗೇರುವ ಮೊಜಾಂಬಿಕ್ ಮತ್ತು ತಾಂಜಾನಿಯಾದ ಮಾಲಿಗೋ ಕೈಚಾಚಬೇಕು. ಮಳೆ ಒಂದು ತಿಂಗಳು ಹಿಂದುಮುಂದಾದರೂ ಈ ಲೆಕ್ಕವೆಲ್ಲ ಅಸ್ತವ್ಯಸ್ತವಾಗುತ್ತದೆ. ಈ ಹಿನ್ನೆಲೆಯಲ್ಲಿ, ಹೈದರಾಬಾದ್ ಸಮೀಪದ ಪಟನ್‌ಚೆರುವಿನಲ್ಲಿರುವ ಇಕ್ರಿಸ್ಯಾಟ್ ಸಂಸ್ಥೆಯು 2025ರಲ್ಲಿ ಪ್ರಕಟಿಸಿದ ಒಂದು ತಳಿಯ ವಿಚಾರವು ಕೃಷಿಕರಿಗೆಷ್ಟೋ ವರ್ತಕರಿಗೂ ಅಷ್ಟೇ ಮಹತ್ವದ್ದಾಗಿದೆ.

ತಳಿಯ ಹೆಸರು ಐಸಿಪಿವಿ 25444. ಸಂಸ್ಥೆಯ ತೊಗರಿ ತಳಿ ಅಭಿವೃದ್ಧಿ ವಿಭಾಗದ ವಿಜ್ಞಾನಿ ಡಾ. ಪ್ರಕಾಶ್ ಗಂಗಶೆಟ್ಟಿಯವರ ನೇತೃತ್ವದ ತಂಡವು ಇದನ್ನು ರೂಪಿಸಿದೆ. ಅವರು ಈ ಹಿಂದೆ ಪಶ್ಚಿಮ ಆಫ್ರಿಕಾದ ನೈಜರ್‌ನಲ್ಲಿ ಸಜ್ಜೆಯ ತಳಿಗಳ ಮೇಲೆ ಕೆಲಸ ಮಾಡಿದವರು; ಬಿಸಿಲು ಮತ್ತು ಬರ ಅವರ ಸಂಶೋಧನೆಗೆ ಹೊಸ ವಿಷಯಗಳೇನಲ್ಲ. ಸಂಸ್ಥೆಯ ಹೇಳಿಕೆಯ ಪ್ರಕಾರ ಈ ತೊಗರಿಯು 45 ಡಿಗ್ರಿ ಸೆಲ್ಸಿಯಸ್‌ವರೆಗಿನ ತಾಪಮಾನವನ್ನು ತಡೆದುಕೊಳ್ಳುತ್ತದೆ, ಸುಮಾರು 125 ದಿನಗಳಲ್ಲಿ ಕಟಾವಿಗೆ ಬರುತ್ತದೆ ಮತ್ತು ಕರ್ನಾಟಕ, ಒಡಿಶಾ ಹಾಗೂ ತೆಲಂಗಾಣದ ಪ್ರಯೋಗಗಳಲ್ಲಿ ಹೆಕ್ಟೇರಿಗೆ 2 ಟನ್ ಇಳುವರಿ ನೀಡಿದೆ. ಕರ್ನಾಟಕದ ಪ್ರಯೋಗ ನಡೆದದ್ದು ಬಾಗಲಕೋಟೆ ಭಾಗದಲ್ಲಿ, ರಾಜ್ಯ ಬೀಜ ನಿಗಮದ ಸಹಯೋಗದೊಂದಿಗೆ.

ತೊಗರಿ ಏಕೆ ಒಂದೇ ಹಂಗಾಮಿನ ಬೆಳೆ?

ತೊಗರಿಯನ್ನು ಬೇಸಿಗೆಯಲ್ಲಿ ಏಕೆ ಬೆಳೆಯುತ್ತಿರಲಿಲ್ಲವೆಂಬುದಕ್ಕೆ ಉತ್ತರ ಗಿಡದ ಸ್ವಭಾವದಲ್ಲಿಯೇ ಇದೆ. ಸಾಂಪ್ರದಾಯಿಕ ತೊಗರಿಯು ಹಗಲಿನ ಉದ್ದವನ್ನು ಅಳೆಯುವ ಗಿಡ. ಜೂನ್-ಜುಲೈಯಲ್ಲಿ ಬಿತ್ತಿದ ಬೆಳೆ ಸೊಂಪಾಗಿ ಎಲೆ ಬಿಡುತ್ತಾ ನಿಂತಿರುತ್ತದೆ. ದಸರೆಯ ಹೊತ್ತಿಗೆ ಹಗಲು ಕಿರಿದಾಗುತ್ತಾ ಬಂದಾಗ ಮಾತ್ರ ಹೂ ಕಟ್ಟುತ್ತದೆ. ಹಗಲು ಹಿಗ್ಗುತ್ತಾ ಹೋಗುವ ಫೆಬ್ರವರಿ-ಮಾರ್ಚ್‌ನಲ್ಲಿ ಇಂತಹ ಗಿಡ ಗೊಂದಲಕ್ಕೀಡಾಗಿ ಬರೀ ಸೊಪ್ಪು ಬೆಳೆಸಿಕೊಂಡು ನಿಲ್ಲಬಹುದು. ಹೂ ಬಿಟ್ಟರೂ ಬಿಸಿಲಿನ ತಾಪಕ್ಕೆ ಪರಾಗ ಸತ್ತು ಹೂವುಗಳು ಉದುರುತ್ತವೆ. ಆದ್ದರಿಂದ ಹಗಲಿನ ಅವಧಿಗೂ ತಾಪಮಾನಕ್ಕೂ ಕಟ್ಟುಬೀಳದ ಗಿಡವನ್ನು ಹುಡುಕುವುದೇ ಸಂಶೋಧಕರ ಗುರಿಯಾಗಿತ್ತು.

ಹುಡುಕಲು ಭಂಡಾರಕ್ಕೇನೂ ಕೊರತೆಯಿರಲಿಲ್ಲ. ಪಟನ್‌ಚೆರುವಿನ ವಂಶವಾಹಿ ಕೋಶದಲ್ಲಿ 13 ಸಾವಿರಕ್ಕೂ ಹೆಚ್ಚು ತೊಗರಿ ಮಾದರಿಗಳನ್ನು ಸಂರಕ್ಷಿಸಲಾಗಿದೆ. ತೊಗರಿಯ ವಂಶವಾಹಿ ನಕ್ಷೆಯು 2011ರಲ್ಲಿಯೇ ಅದೇ ಸಂಸ್ಥೆಯ ಡಾ. ರಾಜೀವ್ ವಾರ್ಷ್ಣೇಯರ ನೇತೃತ್ವದಲ್ಲಿ ಸಿದ್ಧವಾಗಿತ್ತು. ಕೊರತೆಯಿದ್ದುದು ಕಾಲದ್ದು. ವರ್ಷಕ್ಕೆ ಒಂದೇ ಪೀಳಿಗೆ ಬೆಳೆಯುವ ಗಿಡದಲ್ಲಿ ಎರಡು ತಳಿಗಳನ್ನು ಕೂಡಿಸಿ, ಅವುಗಳ ಸಂತತಿಯನ್ನು ಸ್ಥಿರಗೊಳಿಸಿ, ಹೊಲದಲ್ಲಿ ಪರೀಕ್ಷಿಸಿ ಬಿಡುಗಡೆಗೊಳಿಸುವಷ್ಟರಲ್ಲಿ ಹದಿಮೂರು-ಹದಿನೈದು ವರ್ಷಗಳು ಸಂದಿರುತ್ತವೆ. ಅಷ್ಟರಲ್ಲಿ ಹವಾಮಾನವೂ ರೋಗಗಳೂ ಬೇರೆ ದಿಕ್ಕು ಹಿಡಿದಿರುತ್ತವೆ.

ಡಾ. ಗಂಗಶೆಟ್ಟಿಯವರ ತಂಡದ ನಿಜವಾದ ಸಾಧನೆ ಬಹುಶಃ ಇಲ್ಲಿಯೇ ಇದೆ. 2024ರಲ್ಲಿ ಪ್ರಕಟವಾದ ಅವರ ತ್ವರಿತ ತಳಿ ಅಭಿವೃದ್ಧಿ ವಿಧಾನದಲ್ಲಿ ಗಿಡಗಳನ್ನು ಕೋಣೆಯೊಳಗೆ ಬೆಳೆಸಿ, ಬೆಳಕಿನ ಅವಧಿ, ಉಷ್ಣತೆ, ಆರ್ದ್ರತೆಗಳನ್ನು ನಿಯಂತ್ರಿಸಲಾಗುತ್ತದೆ. ಹೀಗೆ ವರ್ಷವೊಂದಕ್ಕೆ ನಾಲ್ಕು ಪೀಳಿಗೆಗಳವರೆಗೆ ಪಡೆಯಬಹುದು. 2,250 ಚದರ ಅಡಿಯಲ್ಲಿ, ಅಂದರೆ ಒಂದು ಸಾಧಾರಣ ಗೋದಾಮಿನಷ್ಟು ಜಾಗದಲ್ಲಿ, ಒಂದು ಹಂಗಾಮಿಗೆ 18,000 ಗಿಡಗಳನ್ನು ಬೆಳೆಸಲು ಸಾಧ್ಯವೆಂದು ಸಂಸ್ಥೆ ತಿಳಿಸಿದೆ. ಬೀಜದ ಚೂರೊಂದನ್ನು ಮಾತ್ರ ಕೆತ್ತಿ ತೆಗೆದು ಅದರ ಡಿಎನ್‌ಎ ಪರೀಕ್ಷಿಸುವುದರಿಂದ, ಬೇಡವಾದ ಗುಣಗಳ ಬೀಜವನ್ನು ಬಿತ್ತುವ ಮೊದಲೇ ಬದಿಗಿಡಬಹುದು. ಬಿತ್ತಿ, ಬೆಳೆಸಿ, ಆಮೇಲೆ ಕಿತ್ತೆಸೆಯುವ ಶ್ರಮ ಉಳಿಯುತ್ತದೆ. ಹದಿನೈದು ವರ್ಷಗಳ ಕೆಲಸ ಐದು ವರ್ಷಗಳಿಗೆ ಇಳಿಯುತ್ತದೆಂಬುದು ಸಂಶೋಧಕರ ಅಂದಾಜು.

ಬೆಲೆಯ ಏರಿಳಿತ

ವರ್ತಕರ ಪಾಲಿಗೆ ತೊಗರಿಯು ಕಳೆದ ದಶಕದಲ್ಲಿ ಕಲಿಸಿದ ಪಾಠ ಸಣ್ಣದಲ್ಲ. ಬರದ ಪರಿಣಾಮವಾಗಿ 2015-16ರಲ್ಲಿ ದೇಶದ ಉತ್ಪಾದನೆ ಸುಮಾರು 25.6 ಲಕ್ಷ ಟನ್‌ಗೆ ಸೀಮಿತವಾಯಿತು. 2015ರ ಅಕ್ಟೋಬರ್‌ನಲ್ಲಿ ಬೇಳೆಯ ಚಿಲ್ಲರೆ ದರ ಕಿಲೋ ಒಂದಕ್ಕೆ 200 ರೂಪಾಯಿ ಮುಟ್ಟಿತು. ಮರುವರ್ಷ ಮಳೆಯೂ ಬಂತು, ದರ ಕಂಡ ರೈತರು ತೊಗರಿಯನ್ನೇ ಬಿತ್ತಿದರು, ಉತ್ಪಾದನೆ 48 ಲಕ್ಷ ಟನ್ ದಾಟಿತು. ಆಗ ಬೋನಸ್ ಸೇರಿ ಕ್ವಿಂಟಲ್‌ಗೆ 5,050 ರೂಪಾಯಿಯಿದ್ದ ಬೆಂಬಲ ಬೆಲೆಗಿಂತಲೂ ಮಾರುಕಟ್ಟೆ ದರ ಕೆಳಗಿಳಿಯಿತು. ದುಬಾರಿಯಾಗಿ ಕೊಂಡು ಅಗ್ಗವಾಗಿ ಮಾರಿದವರ ನಷ್ಟವನ್ನು ಯಾವ ಅಂಕಿಅಂಶವೂ ದಾಖಲಿಸಿಲ್ಲ.

ಅನಂತರದ ವರ್ಷಗಳಲ್ಲಿ ಏರಿಳಿತಕ್ಕೆ ಸರ್ಕಾರದ ಆದೇಶಗಳೂ ಸೇರಿಕೊಂಡವು. 2021ರ ಮೇ ತಿಂಗಳಿನಲ್ಲಿ ತೊಗರಿಯ ಆಮದನ್ನು ಮುಕ್ತಗೊಳಿಸಿ, ಆ ಸೌಲಭ್ಯವನ್ನು ಮತ್ತೆ ಮತ್ತೆ ವಿಸ್ತರಿಸಲಾಯಿತು. 2022ರ ಹಂಗಾಮಿನಲ್ಲಿ ಕಲಬುರಗಿ ಭಾಗದ ಹೊಲಗಳನ್ನು ನೆಟೆ ರೋಗ ಒಣಗಿಸಿತು. 2023ರಲ್ಲಿ ರಾಜ್ಯದ ಬಹುಪಾಲು ತಾಲ್ಲೂಕುಗಳು ಬರಪೀಡಿತವೆಂದು ಘೋಷಿತವಾದವು. ಅದೇ ವರ್ಷದ ಜೂನ್‌ನಲ್ಲಿ ಸಗಟು ವರ್ತಕರಿಗೆ 200 ಟನ್ ದಾಸ್ತಾನು ಮಿತಿ ಬಂತು. ಸೆಪ್ಟೆಂಬರ್‌ನಲ್ಲಿ ಅದು 50 ಟನ್‌ಗೆ ಇಳಿಯಿತು. ಬೆಳೆ ಕೈಕೊಟ್ಟಾಗಲೆಲ್ಲ ಗೋದಾಮಿನ ಬಾಗಿಲಿಗೆ ಅಧಿಕಾರಿಗಳು ಬರುವುದು ವಾಡಿಕೆಯಾಗಿದೆ. ಹವಾಮಾನದ ಪೆಟ್ಟು ಮೊದಲು ರೈತನಿಗೆ, ಎರಡನೆಯದಾಗಿ ಇಂತಹ ಆದೇಶದ ರೂಪದಲ್ಲಿ ವರ್ತಕನಿಗೆ ಬೀಳುತ್ತದೆ.

ಇಕ್ರಿಸ್ಯಾಟ್ ನೀಡಿರುವ ಅಂಕಿಗಳಂತೆ ದೇಶದಲ್ಲಿ ಬೆಳೆಯುವ ತೊಗರಿ ಸುಮಾರು 35 ಲಕ್ಷ ಟನ್, ಬೇಡಿಕೆ 50 ಲಕ್ಷ ಟನ್. ಈ ಅಂತರವನ್ನು ಮುಂಗಾರಿನ ಹೊಲಗಳಿಂದಷ್ಟೇ ತುಂಬುವುದು ಕಷ್ಟ. ಫೆಬ್ರವರಿಯಲ್ಲಿ ಬಿತ್ತಿದ 125 ದಿನಗಳ ಬೆಳೆ ಜೂನ್ ಹೊತ್ತಿಗೆ ಮಾರುಕಟ್ಟೆಗೆ ಬಂದರೆ, ಅದು ನಮ್ಮ ಆವಕಕ್ಕೂ ಆಫ್ರಿಕಾದ ಹಡಗಿಗೂ ನಡುವಿನ ತೆರಪಿನಲ್ಲಿ ಸರಿಯಾಗಿ ಕೂರುತ್ತದೆ. ಪ್ರಮಾಣ ಅಲ್ಪವಾದರೂ ಸಣ್ಣ ಗಿರಣಿಗಳಿಗೆ ಅದು ಉಸಿರು ಬಿಡುವ ಅವಕಾಶ.

ಗಿರಣಿಯ ಪ್ರಶ್ನೆಗಳು

ಆದರೂ ಹೊಲದ ಇಳುವರಿ ಬೇರೆ, ಗಿರಣಿಯ ಇಳುವರಿ ಬೇರೆ. ತೊಗರಿಯ ಸಿಪ್ಪೆ ಬೇಳೆಗೆ ಅಂಟಿನಿಂದ ಬಿಗಿಯಾಗಿ ಹಿಡಿದಿರುತ್ತದೆ. ಕಾಳಿಗೆ ಎಣ್ಣೆ ಹಚ್ಚಿ, ನೀರು ಚಿಮುಕಿಸಿ, ಒಣಗಿಸಿದ ಮೇಲೆಯೇ ಅದು ಬಿಡುವುದು. ಕಾಳಿನ ಗಾತ್ರ ಒಂದೇ ಸಮನಿಲ್ಲದಿದ್ದರೆ ಸಣ್ಣದು ಸಿಪ್ಪೆಸಹಿತ ಹೊರಬೀಳುತ್ತದೆ, ದೊಡ್ಡದು ನುಚ್ಚಾಗುತ್ತದೆ. ಸುಡುಬಿಸಿಲಿನಲ್ಲಿ ಬಲಿತ ಕಾಳು ಹೇಗೆ ಒಡೆಯುತ್ತದೆ, ನೂರು ಕಿಲೋಗೆ ಬೇಳೆ ಎಷ್ಟು, ನುಚ್ಚು ಎಷ್ಟು, ಚುನ್ನಿ ಎಷ್ಟು ಎಂಬುದನ್ನು ಗಿರಣಿಯಲ್ಲಿ ಹಾಕಿಯೇ ನೋಡಬೇಕು. ಜೂನ್‌ನಲ್ಲಿ ಬರುವ ಮಾಲಿಗೆ ಇನ್ನೊಂದು ತೊಡಕಿದೆ. ಅಂಗಳದ ಬಿಸಿಲನ್ನು ನಂಬಿದ ಗಿರಣಿಗಳಲ್ಲಿ ಮಳೆಗಾಲ ಒಣಗಿಸುವ ಕಾಲವಲ್ಲ. ಯಾಂತ್ರಿಕ ಡ್ರೈಯರ್ ಇದ್ದವರಿಗೇ ಈ ಹಂಗಾಮು ಮೊದಲು ದಕ್ಕೀತು.

ಕಲಬುರಗಿಯ ವರ್ತಕರಿಗೆ ಮತ್ತೊಂದು ಎಚ್ಚರವೂ ಅಗತ್ಯ. 2019ರಲ್ಲಿ ಭೌಗೋಳಿಕ ಗುರುತು ಪಡೆದಿರುವ ಗುಲ್ಬರ್ಗಾ ತೊಗರಿ ಬೇಳೆಯ ರುಚಿ ಮತ್ತು ಬೇಗನೆ ಬೇಯುವ ಗುಣವನ್ನು ಅಲ್ಲಿಯ ನೆಲದೊಡನೆ ಹೊಂದಿಸಿ ಹೇಳಲಾಗುತ್ತದೆ. ಬೇರೆಡೆ ನೀರಾವರಿಯಲ್ಲಿ ಬೆಳೆದ ಬೇಸಿಗೆ ತೊಗರಿಯನ್ನು ಅದೇ ಚೀಲದಲ್ಲಿ ಬೆರೆಸಿದರೆ, ವರ್ಷಗಟ್ಟಲೆ ಶ್ರಮಿಸಿ ಗಳಿಸಿದ ಹೆಸರು ಒಂದು ಹಂಗಾಮಿನಲ್ಲಿ ಹಾಳಾದೀತು. ಬೇರೆ ಚೀಲ, ಬೇರೆ ಲೆಕ್ಕ ಇಡುವುದೇ ಸೂಕ್ತ.

ರೈತನ ಕಡೆಯಿಂದಲೂ ಲೆಕ್ಕ ಸರಳವಿಲ್ಲ. ಬೇಸಿಗೆಯ ಬೆಳೆಗೆ ನೀರು ಬೇಕು. ಕಾಲುವೆ ಅಥವಾ ಕೊಳವೆಬಾವಿಯ ನೀರಿರುವಲ್ಲಿ ಶೇಂಗಾ, ಹೆಸರು, ತರಕಾರಿಗಳ ಪೈಪೋಟಿ ಇದ್ದೇ ಇದೆ. ಬಾಗಲಕೋಟೆಯಲ್ಲಂತೂ ಕಬ್ಬು ಜಾಗ ಬಿಟ್ಟುಕೊಡುವುದು ಕಷ್ಟ. ಶಾಖ ತಡೆಯುವ ಗಿಡವೆಂದ ಮಾತ್ರಕ್ಕೆ ನೀರಿಲ್ಲದೆ ಬೆಳೆಯುತ್ತದೆಂದು ತಿಳಿಯಬಾರದು.

ಇನ್ನು ಉಳಿದಿರುವುದು ಬೀಜದ ಮಾತು. ಹಿಂದಿನ ಅನುಭವ ಎರಡು ಬಗೆಯದು. 1986ರಲ್ಲಿ ಕರ್ನಾಟಕದಲ್ಲಿ ಬಿಡುಗಡೆಯಾದ, ನೆಟೆ ರೋಗ ತಡೆಯುವ ‘ಮಾರುತಿ’ ತಳಿಯನ್ನು ರೈತರು ಕೈಯಿಂದ ಕೈಗೆ ದಾಟಿಸಿ ಉಳಿಸಿಕೊಂಡರು. 2010ರಲ್ಲಿ ಮಧ್ಯಪ್ರದೇಶದಲ್ಲಿ ಬಿಡುಗಡೆಯಾದ, ಡಾ. ಕೆ.ಬಿ. ಸಕ್ಸೇನಾ ಅವರ ತಂಡದ ತೊಗರಿ ಹೈಬ್ರಿಡ್ ವಿಜ್ಞಾನಲೋಕದಲ್ಲಿ ಹೆಸರು ಮಾಡಿದರೂ, ಬೀಜವನ್ನು ಪ್ರತಿವರ್ಷ ಹೊಸದಾಗಿ ತಯಾರಿಸಬೇಕಾದ ತೊಡಕಿನಿಂದಾಗಿ ಹೊಲಗಳಲ್ಲಿ ಆ ಮಟ್ಟಕ್ಕೆ ಹರಡಲಿಲ್ಲ. ಐಸಿಪಿವಿ 25444 ಹೈಬ್ರಿಡ್ ಅಲ್ಲ. ಕಟಾವಿನ ಕಾಳನ್ನೇ ರೈತ ಮತ್ತೆ ಬಿತ್ತಬಹುದು. ಆದರೆ ತೊಗರಿಯ ಹೂವಿಗೆ ಜೇನುನೊಣಗಳು ಬಂದು ಪರಾಗ ಬೆರೆಸುವುದರಿಂದ, ಪಕ್ಕದ ಹೊಲದ ಬೇರೆ ತಳಿಯೊಡನೆ ಸೇರಿ ಕೆಲವೇ ವರ್ಷಗಳಲ್ಲಿ ಗುಣ ಕೆಡುತ್ತದೆ. ಮುಂಗಾರಿನ ತೊಗರಿ ಹೊಲದಲ್ಲಿಲ್ಲದ ಬೇಸಿಗೆಯಲ್ಲಿ ಬೀಜೋತ್ಪಾದನೆ ಮಾಡಿದರೆ ಈ ಬೆರಕೆಯ ಭಯ ಬಹುಮಟ್ಟಿಗೆ ತಗ್ಗುತ್ತದೆ. ಬೀಜ ಸಂಸ್ಕರಣೆ, ಶೇಖರಣೆ ಹಾಗೂ ಪ್ಯಾಕಿಂಗ್ ಘಟಕಗಳನ್ನು ನಡೆಸುವವರು, ರಾಜ್ಯ ಬೀಜ ನಿಗಮದೊಡನೆ ಮಾತುಕತೆಗೆ ಕುಳಿತಾಗ ಮೊದಲು ಪ್ರಸ್ತಾಪಿಸಬೇಕಾದ ಅಂಶವಿದು.