ಹಳೆಯ ಡೀಸೆಲ್ ಗಾಡಿಯ ವಿನಿಮಯ: ಲೆಕ್ಕ ನೋಡುವ ಬಗೆ



ಕಾಫಿ ಕೊಯ್ಲು ಮುಗಿದು, ಅಡಿಕೆ ಒಣಗಿ ಮಂಡಿಗೆ ಹೋಗುವ ಹೊತ್ತಿಗೆ ನಮ್ಮ ಪೇಟೆಗಳಲ್ಲಿ ಮೋಟಾರು ಡೀಲರರು ಪೆಂಡಾಲ್ ಹಾಕುವುದು ವಾಡಿಕೆ. ಹಳೆಯ ಗಾಡಿ ಕೊಟ್ಟು ಹೊಸದನ್ನು ಒಯ್ಯಿರಿ ಎಂಬುದು ಅವರ ಕರೆ. 2024 ಮತ್ತು 2025ರಲ್ಲಿ ಕಾಫಿಗೆ ಒಳ್ಳೆಯ ಧಾರಣೆ ಬಂದ ಮೇಲೆ ಈ ಕರೆ ಇನ್ನೂ ಜೋರಾಗಿ ಕೇಳಿಸುತ್ತಿದೆ. ಡೀಲರರು ಬರೆದುಕೊಟ್ಟ ಚೀಟಿಯನ್ನು ಸಂಘದ ಕಚೇರಿಗೆ ತಂದು, "ನಮ್ಮ ಹಳೇ ಗಾಡಿಗೆ ಈ ಬೆಲೆ ಸರಿಯೋ?" ಎಂದು ಕೇಳುವ ಸದಸ್ಯರು ಹಲವರಿದ್ದಾರೆ. ಎಲ್ಲರಿಗೂ ಉಪಯೋಗವಾಗಲೆಂದು ಈ ವಿಷಯವನ್ನು ಇಲ್ಲಿ ವಿವರಿಸುತ್ತಿದ್ದೇವೆ.

ಮೊದಲಿಗೆ ಆ ಪ್ರಶ್ನೆಯನ್ನೇ ಸ್ವಲ್ಪ ತಿದ್ದಿಕೊಳ್ಳಬೇಕು. ಹಳೆಯ ಗಾಡಿಗೆ ಎಷ್ಟು ಕೊಡುತ್ತಾರೆ ಎಂಬುದು ಮುಖ್ಯವಲ್ಲ. ಹೊಸ ಗಾಡಿ ನಮ್ಮ ಅಂಗಳಕ್ಕೆ ಬಂದು ನಿಲ್ಲುವಷ್ಟರಲ್ಲಿ ನಮ್ಮ ಕೈಯಿಂದ ಒಟ್ಟು ಎಷ್ಟು ಹಣ ಹೋಗುತ್ತದೆ ಎಂಬುದೇ ಮುಖ್ಯ. ಕಾಫಿ ಮಾರುವಾಗ ಇದು ನಮಗೆ ಗೊತ್ತಿರುವ ಸಂಗತಿಯೇ. ಒಬ್ಬ ವ್ಯಾಪಾರಿ ಮೂಟೆಗೆ 300 ರೂ. ಹೆಚ್ಚು ಹೇಳುತ್ತಾನೆ, ಆಮೇಲೆ ಔಟ್‌ಟರ್ನ್‌ನಲ್ಲಿ ಅಷ್ಟು, ತೇವದಲ್ಲಿ ಇಷ್ಟು ಎಂದು ಕಡಿಯುತ್ತಾನೆ. ನಾವು ಅವನು ಹೇಳಿದ ಧಾರಣೆಗೆ ಮರುಳಾಗದೆ ಪಟ್ಟಿಯ ಕೊನೆಯ ಸಾಲನ್ನು ನೋಡುತ್ತೇವೆ. ಗಾಡಿಯ ವಿಷಯದಲ್ಲಿ ಮಾತ್ರ ಮೊದಲ ಸಾಲಿನಲ್ಲೇ ನಿಂತುಬಿಡುತ್ತೇವೆ.

ಚೀಟಿಯ ನಾಲ್ಕು ಬಾಬುಗಳು

ಡೀಲರರ ಚೀಟಿಯಲ್ಲಿ ಸಾಮಾನ್ಯವಾಗಿ ನಾಲ್ಕು ಬಾಬುಗಳಿರುತ್ತವೆ. ಒಂದು, ಹಳೆಯ ಗಾಡಿಗೆ ಕಟ್ಟಿದ ಬೆಲೆ. ಎರಡು, ಎಕ್ಸ್‌ಚೇಂಜ್ ಬೋನಸ್. ಮೂರು, ಹೊಸ ಗಾಡಿಯ ಮೇಲಿನ ನಗದು ರಿಯಾಯಿತಿ. ನಾಲ್ಕು, ಹೊಸ ಗಾಡಿಯ ಜೊತೆಗೆ ಸೇರಿಸುವ ವಿಮೆ, ಸೀಟ್ ಕವರು, ಮ್ಯಾಟು, ಪಾಲಿಷು, ಹೆಚ್ಚುವರಿ ವಾರಂಟಿ ಮುಂತಾದುವು.

ಒಂದು ಬಾಬಿನಲ್ಲಿ ಏರಿಸಿದ್ದನ್ನು ಮತ್ತೊಂದರಲ್ಲಿ ಇಳಿಸುವುದು ಸುಲಭ. ಆದ್ದರಿಂದ ಮೊದಲು ಹಳೆಯ ಗಾಡಿಯ ಮಾತೇ ಎತ್ತದೆ, ಹೊಸ ಗಾಡಿಯ ಅಖೈರು ಬೆಲೆಯನ್ನು ಬರೆಯಿಸಿಕೊಳ್ಳಿ. ಎಕ್ಸ್‌ಶೋರೂಮ್ ಬೆಲೆ, ರಸ್ತೆ ತೆರಿಗೆ, ನೋಂದಣಿ, ವಿಮೆ, ರಿಯಾಯಿತಿ ಎಲ್ಲವೂ ಬೇರೆ ಬೇರೆ ಸಾಲಿನಲ್ಲಿ ಇರಬೇಕು. ಅದು ಕೈಗೆ ಬಂದ ಮೇಲೆ ಹಳೆಯ ಗಾಡಿಯನ್ನು ತೋರಿಸಿ.

ಒಂದು ಉದಾಹರಣೆ

ಈ ಕೆಳಗಿನ ಅಂಕಿಗಳು ಲೆಕ್ಕದ ದಾರಿ ತೋರಿಸಲು ನಾವೇ ಹಿಡಿದವು, ಪೇಟೆಯ ಧಾರಣೆಯಲ್ಲ. ಒಬ್ಬ ಸದಸ್ಯರ ಬಳಿ 2016ರ ಡೀಸೆಲ್ ಕಾರು ಇದೆಯೆನ್ನೋಣ. ಇಬ್ಬರು ಡೀಲರರಲ್ಲಿ ಒಂದೇ ಮಾದರಿಯ ಹೊಸ ಗಾಡಿಯನ್ನು ವಿಚಾರಿಸಿದ್ದಾರೆ. ಅದರ ಆನ್‌ರೋಡ್ ಬೆಲೆ ಇಬ್ಬರಲ್ಲೂ 14,20,000 ರೂ.

ಮೊದಲನೆಯ ಡೀಲರರು ಹಳೆಯ ಗಾಡಿಗೆ 3,60,000 ರೂ. ಮತ್ತು ಬೋನಸ್ 40,000 ರೂ. ಸೇರಿ "ನಿಮ್ಮ ಗಾಡಿಗೆ ನಾಲ್ಕು ಲಕ್ಷ" ಎನ್ನುತ್ತಾರೆ. ನಗದು ರಿಯಾಯಿತಿ ಇಲ್ಲ; ಅಲಂಕಾರದ ಸಾಮಾನು 35,000 ರೂ.ಗೆ ಕೊಳ್ಳಲೇಬೇಕು. ಹೊಸ ಗಾಡಿಗೆ 14,55,000 ಆಯಿತು. ನಾಲ್ಕು ಲಕ್ಷ ಕಳೆದರೆ ಮೇಲೆ ಕೊಡಬೇಕಾದ್ದು 10,55,000 ರೂ.

ಎರಡನೆಯವರು ಹಳೆಯ ಗಾಡಿಗೆ 3,10,000 ರೂ. ಮಾತ್ರ ಹೇಳುತ್ತಾರೆ. ಬೋನಸ್ ಅದೇ 40,000. ಆದರೆ ನಗದು ರಿಯಾಯಿತಿ 50,000 ಉಂಟು, ವಿಮೆಯನ್ನು ಹೊರಗೆ ಮಾಡಿಸಿದರೆ 15,000 ಉಳಿಯುತ್ತದೆ, ಸಾಮಾನಿನ ಬಲವಂತವಿಲ್ಲ. ಹೊಸ ಗಾಡಿಗೆ 13,55,000. ಅದರಲ್ಲಿ 3,50,000 ಕಳೆದರೆ ಕೊಡಬೇಕಾದ್ದು 10,05,000 ರೂ.

ಹಳೆಯ ಗಾಡಿಗೆ 50,000 ಕಡಿಮೆ ಹೇಳಿದವರಲ್ಲೇ ನಮಗೆ 50,000 ಉಳಿಯಿತು. ಮೇಲೆ ಕೊಡಬೇಕಾದ ಹಣ ನೋಡಬೇಕೆಂದು ನಾವು ಹೇಳುವುದು ಇದಕ್ಕೇ.

ಇನ್ನೊಂದು ಹೆಜ್ಜೆ ಮುಂದೆ ಹೋಗೋಣ. ಎರಡನೆಯ ಡೀಲರರಲ್ಲಿ ವಿನಿಮಯವಿಲ್ಲದೆ ಹೊಸ ಗಾಡಿ 13,55,000ಕ್ಕೆ ಸಿಗುತ್ತದೆ, ವಿನಿಮಯದಿಂದ 10,05,000ಕ್ಕೆ. ಅಂದರೆ ಅವರಲ್ಲಿ ನಮ್ಮ ಹಳೆಯ ಗಾಡಿಯ ನಿಜವಾದ ಬೆಲೆ 3,50,000. ಅದೇ ಗಾಡಿಯನ್ನು ಊರಿನಲ್ಲೇ ಪರಿಚಯದವರಿಗೆ 3,90,000ಕ್ಕೆ ಮಾರಬಹುದಾದರೆ, ಸಣ್ಣಪುಟ್ಟ ದುರಸ್ತಿ, ಓಡಾಟ, ಕಾಗದದ ಖರ್ಚು 10,000 ಕಳೆದು 3,80,000 ಉಳಿಯುತ್ತದೆ. ಆಗ ಡೀಲರರಿಗೆ ಕೊಡುವುದರಿಂದ ನಾವು ಬಿಟ್ಟುಕೊಡುವುದು 30,000 ರೂ. ಅದು ನಮ್ಮ ಶ್ರಮ ಮತ್ತು ಸಮಯ ಉಳಿದದ್ದಕ್ಕೆ ತೆತ್ತ ಹಣ. ಮಳೆಗಾಲದ ಮುಂಚಿನ ಕೆಲಸದ ಒತ್ತಡದಲ್ಲಿರುವವರಿಗೆ ಅದು ಒಪ್ಪಬಹುದು, ಸಾವಕಾಶವಿರುವವರಿಗೆ ಒಪ್ಪದಿರಬಹುದು. ಎಷ್ಟು ತೆರುತ್ತಿದ್ದೇವೆಂದು ತಿಳಿದು ತೆತ್ತರೆ ಯಾರ ಆಕ್ಷೇಪಣೆಯೂ ಇಲ್ಲ.

ಡೀಲರರ ಲೆಕ್ಕ

ಡೀಲರರು ಪೇಟೆ ಬೆಲೆಗಿಂತ ಕಡಿಮೆ ಹೇಳುವುದೆಲ್ಲ ಮೋಸವೆಂದು ಭಾವಿಸಬಾರದು. ಗಾಡಿಯನ್ನು ರಿಪೇರಿ ಮಾಡಿಸಿ, ಗಿರಾಕಿ ಬರುವ ತನಕ ಇಟ್ಟುಕೊಂಡು, ಹಾಕಿದ ಹಣಕ್ಕೆ ಬಡ್ಡಿ ತೆತ್ತು ಅವರು ಮಾರಬೇಕು. ನೋಂದಾಯಿತ ವ್ಯಾಪಾರಿ ಹಳೆಯ ಕಾರು ಮಾರಿದಾಗ ಲಾಭಾಂಶದ ಮೇಲೆ ಶೇ. 18 ಜಿ.ಎಸ್.ಟಿ. ಉಂಟು, 2025ರ ಜನವರಿಯಿಂದ ಎಲ್ಲ ಬಗೆಯ ಹಳೆಯ ಕಾರುಗಳಿಗೂ ಇದೇ ದರ. ಸ್ವಂತ ಬಳಕೆಯ ಗಾಡಿಯನ್ನು ಮಾರುವ ಬೆಳೆಗಾರನಿಗೆ ಈ ತೆರಿಗೆ ಇಲ್ಲ.

2025ರ ಸೆಪ್ಟೆಂಬರ್ 22ರಿಂದ ಹೊಸ ಗಾಡಿಗಳ ಜಿ.ಎಸ್.ಟಿ. ಬದಲಾಯಿತು. 4 ಮೀಟರ್ ಉದ್ದ ಮತ್ತು 1500 ಸಿ.ಸಿ. ಮೀರದ ಡೀಸೆಲ್ ಕಾರಿಗೆ ಶೇ. 28 ಮತ್ತು ಅದರ ಮೇಲಿನ ಸೆಸ್ ಹೋಗಿ ಶೇ. 18 ಬಂದಿತು. ಹೊಸದರ ಬೆಲೆ ಇಳಿದರೆ ಹಳೆಯದರ ಬೆಲೆಯೂ ಅದರ ಹಿಂದೆಯೇ ಇಳಿಯುತ್ತದೆ. ಆದ್ದರಿಂದ ಅದಕ್ಕೆ ಹಿಂದೆ ನೆರೆಯವರ ಗಾಡಿ ಎಷ್ಟಕ್ಕೆ ಹೋಯಿತು ಎಂಬುದನ್ನು ಈಗ ಅಳತೆಗೋಲಾಗಿ ಹಿಡಿಯಬಾರದು. ಈ ತಿಂಗಳ ಧಾರಣೆಯನ್ನು ಕನಿಷ್ಠ ಮೂರು ಕಡೆ ವಿಚಾರಿಸಿ: ಇಬ್ಬರು ಡೀಲರರು, ಹಾಗೂ ಹಳೆಯ ಗಾಡಿಗಳನ್ನೇ ಕೊಳ್ಳುವ ಒಬ್ಬ ವ್ಯಾಪಾರಿ. ವಿಮಾ ಪಾಲಿಸಿಯಲ್ಲಿ ನಮೂದಾದ ಗಾಡಿಯ ಮೌಲ್ಯವನ್ನೂ ನೋಡಬಹುದು; ಆದರೆ ಐದು ವರ್ಷ ದಾಟಿದ ಗಾಡಿಗೆ ಅದು ಕಂಪನಿಯೂ ನಾವೂ ಒಪ್ಪಿ ಬರೆದ ಅಂಕಿ ಮಾತ್ರ.

ಗಾಡಿಯ ಪರೀಕ್ಷೆ

ಬೆಲೆ ಕಟ್ಟುವವರು ಬಂದಾಗ ಬಣ್ಣದ ದಪ್ಪ ಅಳೆಯುತ್ತಾರೆ, ಕಂಪ್ಯೂಟರಿನ ತಂತಿ ಸಿಕ್ಕಿಸಿ ಎಂಜಿನ್ನಿನ ದೋಷ ಓದುತ್ತಾರೆ, ಟೈರು ನೋಡುತ್ತಾರೆ. ನಮ್ಮ ಕಡೆಯ ಗಾಡಿಗಳಲ್ಲಿ ಎರಡು ಜಾಗ ಅವರ ಕಣ್ಣಿಗೆ ಬೀಳುವುದು ಖಂಡಿತ: ಮಳೆ, ಕೆಸರಿನಿಂದ ಅಡಿಭಾಗಕ್ಕೆ ಹಿಡಿದ ತುಕ್ಕು, ಮತ್ತು ಏರುದಾರಿಯಲ್ಲಿ ಸವೆದ ಕ್ಲಚ್ಚು. ಕಪ್ಪು ಹೊಗೆ ಬಂದರೆ ಇಂಜೆಕ್ಟರು, ಟರ್ಬೊ ಎಂದು ದೊಡ್ಡ ಮೊತ್ತವನ್ನೇ ಕಳೆಯುತ್ತಾರೆ.

ಆದ್ದರಿಂದ ಮೊದಲೇ ನಮ್ಮ ನಂಬಿಕೆಯ ಮೆಕ್ಯಾನಿಕ್‌ಗೆ ತೋರಿಸಿ, ಯಾವ ದೋಷಕ್ಕೆ ಎಷ್ಟು ಖರ್ಚೆಂದು ತಿಳಿದುಕೊಂಡಿರುವುದು ಲೇಸು. 8,000 ರೂ. ಕೆಲಸಕ್ಕೆ 25,000 ಕಳೆಯಹೊರಟರೆ ಆಗ ಉತ್ತರ ಕೊಡಬಹುದು. ಕಳೆದ ಪ್ರತಿಯೊಂದು ಮೊತ್ತಕ್ಕೂ ಕಾರಣವನ್ನು ಬರೆದುಕೊಡಲು ಹೇಳಿ. ಸರ್ವೀಸ್ ಮಾಡಿಸಿದ ಬಿಲ್ಲುಗಳು, ಎರಡನೆಯ ಕೀಲಿ, ಚಾಲ್ತಿಯಲ್ಲಿರುವ ಹೊಗೆ ತಪಾಸಣೆ ಪತ್ರ ಇವನ್ನು ಜೋಡಿಸಿಡಿ. ಚೆನ್ನಾಗಿ ತೊಳೆಸಿ, ಆದರೆ ಮಾರುವ ಗಾಡಿಗೆ ಪೂರ್ತಿ ಬಣ್ಣ ಹೊಡೆಸುವ ಖರ್ಚಿಗೆ ಹೋಗಬೇಡಿ. ಆ ಹಣ ಹಿಂದಕ್ಕೆ ಬರುವುದು ಕಷ್ಟ, ಹೊಸ ಬಣ್ಣ ಕಂಡರೆ ಅಪಘಾತದ ಶಂಕೆಯೂ ಹುಟ್ಟುತ್ತದೆ.

"ಡೀಸೆಲ್ ಕಾಲ ಮುಗಿಯಿತು" ಎಂಬ ಮಾತು

"ಹತ್ತು ವರ್ಷವಾದ ಡೀಸೆಲ್ ಗಾಡಿ ಇನ್ನು ಓಡಿಸುವ ಹಾಗಿಲ್ಲ, ಈಗಲೇ ಕೊಟ್ಟುಬಿಡಿ" ಎಂದು ಕೆಲವರು ಹೆದರಿಸುವುದುಂಟು. ಹತ್ತು ವರ್ಷದ ಮಾತು ಹುಟ್ಟಿದ್ದು ದೆಹಲಿ ಮತ್ತು ಅದರ ಸುತ್ತಲಿನ ರಾಜಧಾನಿ ಪ್ರದೇಶಕ್ಕಾಗಿ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2015ರಲ್ಲಿ ಆ ಆದೇಶ ಮಾಡಿತು. 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಅದು ನಮ್ಮ ಜಿಲ್ಲೆಗಳಿಗೆ ಮಾಡಿದ ಆದೇಶವಲ್ಲ. ನಮ್ಮಲ್ಲಿ ಖಾಸಗಿ ಕಾರಿನ ನೋಂದಣಿ 15 ವರ್ಷ ಊರ್ಜಿತ. ಅನಂತರ ಆರ್.ಟಿ.ಒ. ತಪಾಸಣೆಯಲ್ಲಿ ಗಾಡಿ ತೇರ್ಗಡೆಯಾದರೆ ಐದೈದು ವರ್ಷಕ್ಕೆ ನವೀಕರಿಸಬಹುದು. ಆದರೆ ನವೀಕರಣ ಅಗ್ಗವಲ್ಲ: 600 ರೂ. ಇದ್ದ ಕಾರಿನ ಶುಲ್ಕವನ್ನು 2022ರ ಏಪ್ರಿಲ್‌ನಲ್ಲಿ 5,000ಕ್ಕೆ ಏರಿಸಲಾಯಿತು. ಜೊತೆಗೆ ಹಸಿರು ತೆರಿಗೆಯೂ ಉಂಟು. ಆದುದರಿಂದ 14ನೆಯ ವರ್ಷದಲ್ಲಿರುವ ಗಾಡಿಗೂ 9ನೆಯ ವರ್ಷದ ಗಾಡಿಗೂ ಬೆಲೆಯಲ್ಲಿ ಅಂತರ ಇರುವುದು ಸಹಜ. ಒಂಬತ್ತು ವರ್ಷದ ಗಾಡಿಯನ್ನು ಹೆದರಿ ಮಾರಬೇಕಾದ ಕಾರಣ ಮಾತ್ರ ಇಲ್ಲ.

2020ರ ಏಪ್ರಿಲ್‌ನಲ್ಲಿ ಬಿ.ಎಸ್.-6 ನಿಯಮ ಬಂದಾಗ ಮಾರುತಿ ಸುಜುಕಿ ಕಂಪನಿ ಡೀಸೆಲ್ ಕಾರುಗಳನ್ನೇ ನಿಲ್ಲಿಸಿತು. ಸಣ್ಣ ಡೀಸೆಲ್ ಕಾರು ಹೊಸದಾಗಿ ಸಿಗುವುದು ಕಡಿಮೆಯಾದುದರಿಂದ, ಚೆನ್ನಾಗಿಟ್ಟ ಹಳೆಯದನ್ನು ಕೇಳುವವರು ನಮ್ಮ ನಡುವೆಯೇ ಇರಬಹುದು. ಡೀಲರರಿಗೆ ಒಪ್ಪಿಸುವ ಮುನ್ನ ನೆರೆಹೊರೆಯಲ್ಲಿ ಒಂದು ಮಾತು ಹಾಕಿ ನೋಡುವುದರಲ್ಲಿ ನಷ್ಟವೇನಿಲ್ಲ.

ಹೊಸ ಡೀಸೆಲ್ ಗಾಡಿಯನ್ನೇ ಕೊಳ್ಳುವವರು ಇನ್ನೊಂದು ವಿಷಯ ತಿಳಿದಿರಬೇಕು. ಈಗಿನ ಡೀಸೆಲ್ ಕಾರುಗಳ ಹೊಗೆ ಕೊಳವೆಯಲ್ಲಿ ಮಸಿಯನ್ನು ಹಿಡಿಯುವ ಫಿಲ್ಟರು ಇರುತ್ತದೆ. ಆ ಮಸಿ ಸುಟ್ಟುಹೋಗಬೇಕಾದರೆ ಗಾಡಿ ಆಗಾಗ್ಗೆ ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಸ್ವಲ್ಪ ಹೊತ್ತು ಓಡಬೇಕು. ತೋಟದಿಂದ ಪೇಟೆಗೆ ನಾಲ್ಕೈದು ಕಿ.ಮೀ. ಹೋಗಿ ಬರುವುದಷ್ಟೇ ನಮ್ಮ ಓಡಾಟವಾದರೆ ಫಿಲ್ಟರು ಕಟ್ಟಿಕೊಂಡು ತೊಂದರೆ ಕೊಡುತ್ತದೆ. ಅಂಥವರು ಹಳೆಯದನ್ನೇ ದುರಸ್ತಿ ಮಾಡಿಸಿ ಇಟ್ಟುಕೊಳ್ಳುವುದು ಮೇಲೋ, ಪೆಟ್ರೋಲ್ ಗಾಡಿ ಮೇಲೋ ಎಂಬುದನ್ನೂ ಲೆಕ್ಕದಲ್ಲಿ ಸೇರಿಸಬೇಕು.

ಕಾಗದಪತ್ರದಲ್ಲಿ ಎಚ್ಚರ

ಬೆಲೆಯಲ್ಲಿ ಇಪ್ಪತ್ತು ಮೂವತ್ತು ಸಾವಿರ ಹೋದರೆ ಮುಂದಿನ ಬೆಳೆಯಲ್ಲಿ ತುಂಬಿಕೊಳ್ಳಬಹುದು. ಕಾಗದದಲ್ಲಿ ತಪ್ಪಿದರೆ ತೋಟಕ್ಕೇ ಕುತ್ತು ಬರಬಹುದು. ಗಾಡಿ ಕೊಟ್ಟು ಹಣ ಪಡೆದ ಮಾತ್ರಕ್ಕೆ ನಮ್ಮ ಹೊಣೆ ಮುಗಿಯುವುದಿಲ್ಲ. ನೋಂದಣಿ ಪುಸ್ತಕದಲ್ಲಿ ಯಾರ ಹೆಸರಿದೆಯೋ ಅವರೇ ಕಾನೂನಿನ ದೃಷ್ಟಿಯಲ್ಲಿ ಮಾಲೀಕರು. ಮಾರಿದ ಮೇಲೆ ಹಲವು ಕೈ ದಾಟಿದ್ದ ಕಾರೊಂದು ಅಪಘಾತ ಮಾಡಿದ ಪ್ರಕರಣದಲ್ಲಿ, ಹೆಸರು ವರ್ಗಾವಣೆಯಾಗದಿದ್ದುದರಿಂದ ಮೊದಲಿನ ನೋಂದಾಯಿತ ಮಾಲೀಕನೇ ಪರಿಹಾರಕ್ಕೆ ಹೊಣೆಯೆಂದು ಸುಪ್ರೀಂ ಕೋರ್ಟ್ 2018ರ ಫೆಬ್ರವರಿಯಲ್ಲಿ ತೀರ್ಪು ನೀಡಿದೆ.

ಆದ್ದರಿಂದ ಈ ಕೆಳಗಿನವನ್ನು ತಪ್ಪದೆ ನೋಡಿಕೊಳ್ಳಿ.

1. ವರ್ಗಾವಣೆಯ ನಮೂನೆ 29 ಮತ್ತು 30ಕ್ಕೆ ಖಾಲಿ ಇರುವಾಗ ಸಹಿ ಹಾಕಬೇಡಿ. ಕೊಳ್ಳುವವರ ಹೆಸರು, ದಿನಾಂಕ ತುಂಬಿದ ಮೇಲೆ ಸಹಿ ಮಾಡಿ, ಪ್ರತಿ ಇಟ್ಟುಕೊಳ್ಳಿ.

2. 2023ರ ಏಪ್ರಿಲ್ 1ರಿಂದ ಹಳೆಯ ಗಾಡಿಗಳ ವ್ಯಾಪಾರಿಗಳು ಸಾರಿಗೆ ಇಲಾಖೆಯಿಂದ ಅಧಿಕಾರ ಪತ್ರ ಪಡೆಯುವ ನಿಯಮ ಬಂದಿದೆ. ಅಂಥ ಅಧಿಕೃತ ವ್ಯಾಪಾರಿಗೆ ಗಾಡಿ ಒಪ್ಪಿಸಿ ನಮೂನೆ 29ಸಿಯಲ್ಲಿ ತಿಳುವಳಿಕೆ ಸಲ್ಲಿಸಿದರೆ, ಅಲ್ಲಿಂದ ಮುಂದೆ ಗಾಡಿಯ ಹೊಣೆ ಅವರದಾಗುತ್ತದೆ. ಅಧಿಕಾರ ಪತ್ರ ತೋರಿಸಲು ಕೇಳಿ. 29ಸಿಯ ಸ್ವೀಕೃತಿ ಕೈಗೆ ಬರುವ ತನಕ ಬಿಡಬೇಡಿ.

3. ಗಾಡಿ ಒಪ್ಪಿಸಿದ ದಿನ, ಗಂಟೆ, ಓಡಿದ ಕಿ.ಮೀ. ಬರೆದು ಮೊಹರು ಸಹಿತ ರಸೀತಿ ಪಡೆಯಿರಿ. ಫಾಸ್ಟ್ಯಾಗ್ ಮುಚ್ಚಿಸಿ. ಬಾಕಿ ದಂಡಗಳಿದ್ದರೆ ಮೊದಲೇ ಕಟ್ಟಿ.

4. ಸಾಲ ತೀರಿದ್ದರೂ ನೋಂದಣಿ ಪುಸ್ತಕದಲ್ಲಿ ಬ್ಯಾಂಕಿನ ಹೆಸರು ಉಳಿದಿರುವುದುಂಟು. ಬ್ಯಾಂಕಿನ ಪತ್ರ ಮತ್ತು ನಮೂನೆ 35 ಕೊಟ್ಟು ತೆಗೆಸಬೇಕು.

5. ಗಾಡಿ ಇನ್ನೂ ತೀರಿಹೋದ ತಂದೆಯವರ ಹೆಸರಿನಲ್ಲೇ ಇರುವ ಮನೆಗಳು ನಮ್ಮಲ್ಲಿ ಕಡಿಮೆಯಲ್ಲ. ಮೊದಲು ನಮೂನೆ 31ರ ಮೂಲಕ ವಾರಸುದಾರರ ಹೆಸರಿಗೆ ಮಾಡಿಸಬೇಕು. ಎಕ್ಸ್‌ಚೇಂಜ್ ಬೋನಸ್ ಕೂಡ ಸಾಮಾನ್ಯವಾಗಿ ಹಳೆಯ ಮತ್ತು ಹೊಸ ಗಾಡಿ ಒಬ್ಬರದೇ ಅಥವಾ ಒಂದೇ ಮನೆಯವರದಾದರೆ ಮಾತ್ರ ಸಿಗುತ್ತದೆ. ಬೋನಸ್ ಬಿಲ್ಲಿನಲ್ಲೇ ಕಳೆಯುತ್ತಾರೋ, ವರ್ಗಾವಣೆಯಾದ ಮೇಲೆ ಕೊಡುತ್ತಾರೋ ಎಂಬುದನ್ನು ಬರೆಯಿಸಿಕೊಳ್ಳಿ.

6. ವಿಮೆಯ ನೋ ಕ್ಲೇಮ್ ಬೋನಸ್ ಗಾಡಿಯದಲ್ಲ, ನಮ್ಮದು. ಐದು ವರ್ಷ ಕ್ಲೇಮ್ ಇಲ್ಲದಿದ್ದರೆ ಅದು ಶೇ. 50ರ ತನಕ ಏರಿರುತ್ತದೆ. ವಿಮಾ ಕಂಪನಿಯಿಂದ ಪ್ರಮಾಣ ಪತ್ರ ಪಡೆದು ಹೊಸ ಗಾಡಿಗೆ ವರ್ಗಾಯಿಸಿಕೊಳ್ಳಬಹುದು. ಪತ್ರ ಮೂರು ವರ್ಷ ಊರ್ಜಿತ. ಗಾಡಿಯ ಸ್ವಂತ ಹಾನಿಯ ಪ್ರೀಮಿಯಂ 24,000 ಇದ್ದರೆ 12,000 ಉಳಿಯಿತು. ಡೀಲರರು ತಾವಾಗಿ ಇದನ್ನು ಹೇಳುತ್ತಾರೆಂದು ಕಾಯಬೇಡಿ.

7. ಹೊರಗಿನವರಿಗೆ ಮಾರುವುದಾದರೆ 2 ಲಕ್ಷ ರೂ. ಅಥವಾ ಹೆಚ್ಚನ್ನು ನಗದಾಗಿ ಪಡೆಯುವುದಕ್ಕೆ ಆದಾಯ ತೆರಿಗೆ ಕಾನೂನಿನ ನಿಷೇಧವಿದೆ. ಪಡೆದಷ್ಟೇ ದಂಡ ಬೀಳಬಹುದು. ಬ್ಯಾಂಕಿನ ಮೂಲಕವೇ ಪಡೆಯಿರಿ.

ಒಂದು ತಿಂಗಳಾದ ಮೇಲೆ ಪರಿವಾಹನ ಜಾಲತಾಣದಲ್ಲೋ ಆರ್.ಟಿ.ಒ. ಕಚೇರಿಯಲ್ಲೋ ಗಾಡಿಯ ಸಂಖ್ಯೆ ಕೊಟ್ಟು, ವರ್ಗಾವಣೆ ದಾಖಲಾಗಿದೆಯೇ ಎಂದು ನೋಡಿ. ಆಗಿಲ್ಲವಾದರೆ ಡೀಲರರಿಗೆ ಲಿಖಿತವಾಗಿ ತಿಳಿಸಿ, ಪ್ರತಿಯನ್ನು ಆರ್.ಟಿ.ಒ.ಗೆ ಕಳುಹಿಸಿ.

"ಈ ರಿಯಾಯಿತಿ ಇವತ್ತೊಂದೇ ದಿನ" ಎಂಬ ಮಾತಿಗೆ ಅವಸರಪಡಬೇಕಾಗಿಲ್ಲ. ಚೀಟಿಯನ್ನು ಮನೆಗೆ ತಂದು, ಮನೆಯವರೊಡನೆ ಕುಳಿತು, ಮೇಲೆ ಹೇಳಿದಂತೆ ಮೂರು ಅಂಕಿಗಳನ್ನು ಬರೆಯಿರಿ: ವಿನಿಮಯದಿಂದ ಕೊಡಬೇಕಾದ್ದು, ಹೊರಗೆ ಮಾರಿದರೆ ಕೊಡಬೇಕಾದ್ದು, ಹಳೆಯದನ್ನೇ ಇಟ್ಟುಕೊಂಡರೆ ಇನ್ನೆರಡು ವರ್ಷಕ್ಕೆ ತಗಲುವ ಖರ್ಚು. ಲೆಕ್ಕ ಬಿಡಿಸಲು ತೊಡಕಾದರೆ ಚೀಟಿ, ನೋಂದಣಿ ಪುಸ್ತಕ, ವಿಮಾ ಪಾಲಿಸಿ ಈ ಮೂರನ್ನೂ ಸಂಘದ ಕಚೇರಿಗೆ ತನ್ನಿ. ಸದಸ್ಯರೊಡನೆ ಕುಳಿತು ನೋಡಿಕೊಡಲು ನಾವು ಸಿದ್ಧರಿದ್ದೇವೆ.