ಗರಗಸದ ಸರಳಿಗೆ ಗ್ರೀಸ್ ಬೇಡ, ಮೇಣ ಸಾಕು

ನಮ್ಮದು ಶ್ರವಣಬೆಳಗೊಳದ ಪಕ್ಕದ ಹಳ್ಳಿ. ಕಾಯಿ ಬಿಡದ ಮೂರು ಮುದಿ ತೆಂಗನ್ನು ಸಾಮಿಲ್ಲಿನಲ್ಲಿ ಪಟ್ಟಿ ಹೊಡೆಸಿದ್ದೆ. ಮೇಕೆ ಕೊಟ್ಟಿಗೆಗೆ ಅವನ್ನು ಅಳತೆಗೆ ತುಂಡರಿಸಲು ಕರೆಂಟಿನ ಗರಗಸ ತಂದೆ. ಇದರ ತಲೆ ಎರಡು ಉಕ್ಕಿನ ಸರಳುಗಳ ಮೇಲೆ ಹಿಂದಕ್ಕೂ ಮುಂದಕ್ಕೂ ಜಾರುತ್ತದೆ.

ಗಾಡಿ ಅಚ್ಚಿಗೆ ಕೀಲೆಣ್ಣೆ ಹಾಕಿ ಬೆಳೆದವನು ನಾನು. ಸರಳಿಗೂ ಗ್ರೀಸ್ ಬಳಿದೆ. ಒಂದೇ ವಾರ! ಮರದ ಪುಡಿ ಅಂಟಿ ಮುದ್ದೆಯಾಯಿತು. ತಲೆ ತಡೆತಡೆದು ಬರತೊಡಗಿತು. ಜೋರಾಗಿ ತಳ್ಳಿದೆ, ಥಟ್ಟನೆ ಜಾರಿದ ಗರಗಸ ಪಟ್ಟಿಯನ್ನು ಎಗರಿಸಿತು. ಎಡಗೈ ಉಳಿದದ್ದು ಪುಣ್ಯ.

"ಗೌಡ್ರೆ, ಸರಳಿಗೆ ಹಿಟ್ಟು ಕಲ್ಸಿಟ್ಟಿದೀರಲ್ಲ! ಮೇಣದಬತ್ತಿ ಇದ್ರೆ ತನ್ನಿ" ಅಂದರು ಊರಿನ ಆಚಾರ್ರು.

ಮೊದಲು ಪ್ಲಗ್ ಕಿತ್ತೆವು. ಟರ್ಪೆಂಟೈನಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಸರಳು ಒರೆಸಿದೆವು. ನೇರ ಸುರಿಯಬಾರದು, ಒಳಗಿನ ಬೇರಿಂಗಿನ ಗ್ರೀಸ್ ತೊಳೆದುಹೋಗುತ್ತದೆ. ಒಣಗಿದ ಮೇಲೆ ಮೇಣದಬತ್ತಿ ತೆಳ್ಳಗೆ ಉಜ್ಜಿ, ಒಣ ಬಟ್ಟೆಯಲ್ಲಿ ತಿಕ್ಕಿದೆವು. ಹತ್ತು ಸಲ ಕೈಯಲ್ಲೇ ಎಳೆದಾಡಿದರೆ ಬೆಣ್ಣೆಯಂತೆ ಜಾರಿತು.

ಹಾಗಾದರೆ ಮರ ಕೊಯ್ಯುವ ಚೈನ್ ಗರಗಸಕ್ಕೆ ಎಣ್ಣೆ ಯಾಕೆ? ಅಲ್ಲಿ ಸರಪಳಿ ಭಾರೀ ವೇಗದಲ್ಲಿ ಓಡುತ್ತೆ, ಕಾಯುತ್ತೆ. ಹೊಸ ಎಣ್ಣೆ ಬರುತ್ತಲೇ ಇರಬೇಕು, ಪುಡಿ ಜೊತೆಗೇ ಆಚೆ ಹಾರುತ್ತೆ. ಇಲ್ಲಿ ತಲೆ ಮೆಲ್ಲಗೆ ಜಾರುವುದರಿಂದ ಪುಡಿ ಎಣ್ಣೆಯಲ್ಲೇ ಕೂರುತ್ತೆ. ಅದರಲ್ಲೂ ತೆಂಗಿನ ಪುಡಿ ಮರಳಿನ ಹಾಗೆ ಕಬ್ಬಿಣ ತಿನ್ನುತ್ತೆ.

ಮಳೆಗಾಲದಲ್ಲಿ ತುಕ್ಕಿನ ಭಯವಿದ್ದರೆ ಹೊಲಿಗೆ ಮಿಷನ್ ಎಣ್ಣೆ ಒಂದು ತೊಟ್ಟು ಬಟ್ಟೆಗೆ ಹಾಕಿ ಸವರಿ. ಕೆಲಸಕ್ಕೆ ಮುಂಚೆ ಒರೆಸಿಬಿಡಿ. ಗರಗಸ ತಡೆದರೆ ಮಾತ್ರ ಬಲ ಹಾಕಬೇಡಿ, ನಿಲ್ಲಿಸಿ ನೋಡಿ. ಮೇಣದಬತ್ತಿ ಅಂಗಡಿಯಲ್ಲಿ ಸಿಗುತ್ತೆ, ಬೆರಳು ಸಿಗಲ್ಲ.